ಬೋರ್ಡಿನಲ್ಲಿ ಬರೆಯದ ಸಂಗತಿಗಳು: ನಮ್ಮೂರ ವಕೀಲರ ಓದು, ಅನುಭವ, ಭಾಷೆ



ಗಡಿನಾಡಿನ ಕನ್ನಡ ಸಂಘಗಳಲ್ಲಿ ಕೆಲಸ ಮಾಡುವವರಿಗೆಲ್ಲ ಒಂದು ಪ್ರಶ್ನೆ ಪರಿಚಿತ. "ಕನ್ನಡ ಓದಲು ಬರುವ ವಕೀಲರು ಯಾರಿದ್ದಾರೆ?" ಎಂಬುದೇ ಆ ಪ್ರಶ್ನೆ. ಕೇಳುವವರ ಕೈಯಲ್ಲಿ ಸಾಮಾನ್ಯವಾಗಿ ಅಜ್ಜನ ಕಾಲದ ಒಂದು ಕಾಗದ ಇರುತ್ತದೆ. ಅದು ಮೂಲಗೇಣಿ ಚೀಟು ಆಗಿರಬಹುದು, ಪಾಲುಪಟ್ಟಿ ಆಗಿರಬಹುದು, ಅಡವಿನ ಪತ್ರವೂ ಆಗಿರಬಹುದು. ಬರೆದದ್ದು ಕನ್ನಡದಲ್ಲಿ, ಅದೂ ಒಂದಕ್ಕೊಂದು ಕೂಡಿಸಿ ಬರೆದ ಹಳೆಯ ಮೋಡಿಯ ಅಕ್ಷರದಲ್ಲಿ. ವ್ಯಾಜ್ಯ ನಡೆಯುವುದು ಮಾತ್ರ ಇಂಗ್ಲಿಷ್ ಮತ್ತು ಮಲಯಾಳದಲ್ಲಿ.

ಕಾಸರಗೋಡಿನ ವಿದ್ಯಾನಗರದಲ್ಲಿ ಜಿಲ್ಲಾ ನ್ಯಾಯಾಲಯವಿದೆ. ಕಾಞಂಗಾಡಿನ ಹೊಸದುರ್ಗದಲ್ಲಿಯೂ ನ್ಯಾಯಾಲಯಗಳಿವೆ. ಇವುಗಳ ಸುತ್ತಮುತ್ತಲಿನ ಕಟ್ಟಡಗಳ ಮೆಟ್ಟಿಲು ಹತ್ತಿದರೆ ವಕೀಲರ ಬೋರ್ಡುಗಳ ಸಾಲೇ ಕಾಣುತ್ತದೆ. ಬೋರ್ಡಿನಲ್ಲಿ ಇರುವುದಿಷ್ಟೇ: ಹೆಸರು, ಬಿ.ಎ., ಎಲ್‌ಎಲ್.ಬಿ., ಅಡ್ವೊಕೇಟ್. ಇವರು ಎಲ್ಲಿ ಓದಿದರು, ಎಷ್ಟು ವರ್ಷದಿಂದ ಕೆಲಸ ಮಾಡುತ್ತಿದ್ದಾರೆ, ಜಾಗೆಯ ವ್ಯಾಜ್ಯ ನೋಡುತ್ತಾರೋ ಅಪಘಾತದ ಕೇಸು ನೋಡುತ್ತಾರೋ, ಕನ್ನಡ ಬರುತ್ತದೋ ಇಲ್ಲವೋ ಎಂಬ ಯಾವ ವಿಷಯವೂ ಅದರಲ್ಲಿಲ್ಲ. ಈ ಲೇಖನದ ಉದ್ದೇಶ ಆ ಬೋರ್ಡಿನ ಹಿಂದಿರುವುದನ್ನು ತಿಳಿಸುವುದು. ಒಬ್ಬ ವಕೀಲರ ಹಿನ್ನೆಲೆಯನ್ನು ಹೇಗೆ ಓದಿಕೊಳ್ಳಬೇಕು, ಯಾವ ಪ್ರಶ್ನೆ ಕೇಳಬಹುದು, ಗಡಿನಾಡಿನ ಕನ್ನಡಿಗರಾದ ನಮಗೆ ಯಾವುದು ಮುಖ್ಯ ಎಂಬುದನ್ನು ಒಂದೊಂದಾಗಿ ನೋಡೋಣ.

ಬೋರ್ಡು ಮೌನವಾಗಿರುವುದು ಏಕೆ?

ವೈದ್ಯರ ಬೋರ್ಡಿನಲ್ಲಿ "ಮಕ್ಕಳ ತಜ್ಞರು", "ಮೂಳೆ ತಜ್ಞರು" ಎಂದಿರುತ್ತದೆ. ವಕೀಲರು ಹಾಗೆ ಬರೆಯುವಂತಿಲ್ಲ. ನಮ್ಮ ದೇಶದಲ್ಲಿ ವಕೀಲ ವೃತ್ತಿಯನ್ನು ನಿಯಂತ್ರಿಸುವುದು 1961ರ ಅಡ್ವೊಕೇಟ್ಸ್ ಕಾಯ್ದೆ. ಅದರ ಅಡಿಯಲ್ಲಿ ಬಾರ್ ಕೌನ್ಸಿಲ್ ಆಫ್ ಇಂಡಿಯಾ ಮಾಡಿದ ನಿಯಮಗಳಲ್ಲಿ 36ನೆಯದು ಜಾಹೀರಾತನ್ನು ನಿಷೇಧಿಸುತ್ತದೆ. ಬೋರ್ಡು ಮಿತವಾದ ಅಳತೆಯಲ್ಲಿರಬೇಕು. ತಾನು ಇಂಥ ಕೆಲಸದಲ್ಲಿ ಪರಿಣತ, ತಾನು ಬಾರ್ ಅಸೋಸಿಯೇಶನ್ನಿನ ಅಧ್ಯಕ್ಷ, ತಾನು ಹಿಂದೆ ನ್ಯಾಯಾಧೀಶನಾಗಿದ್ದೆ ಎಂದೆಲ್ಲ ಅದರಲ್ಲಿ ಬರೆಯುವಂತಿಲ್ಲ. ಈ ವೃತ್ತಿ ವ್ಯಾಪಾರವಲ್ಲ, ಜನ ಹೆಸರು ಕೇಳಿ ಬರಬೇಕೇ ಹೊರತು ಕರೆದು ಬರಿಸಬಾರದು ಎಂಬುದು ಇದರ ಹಿಂದಿನ ಯೋಚನೆ.

2008ರಲ್ಲಿ ಈ ನಿಯಮ ಸ್ವಲ್ಪ ಸಡಿಲವಾಯಿತು. ಈಗ ವಕೀಲರು ತಮ್ಮ ವೆಬ್‌ಸೈಟಿನಲ್ಲಿ ಹೆಸರು, ವಿಳಾಸ, ಫೋನ್ ನಂಬರು, ನೋಂದಣಿ ಸಂಖ್ಯೆ, ನೋಂದಣಿಯಾದ ದಿನಾಂಕ, ಯಾವ ರಾಜ್ಯದ ಬಾರ್ ಕೌನ್ಸಿಲ್, ಯಾವ ಬಾರ್ ಅಸೋಸಿಯೇಶನ್, ವಿದ್ಯಾರ್ಹತೆ ಮತ್ತು ಯಾವ ಬಗೆಯ ಕೇಸುಗಳನ್ನು ನಡೆಸುತ್ತಾರೆ ಎಂಬುದನ್ನು ಹಾಕಬಹುದು. "ಇಷ್ಟು ಕೇಸು ಗೆದ್ದಿದ್ದೇವೆ", "ನಾವೇ ನಂಬರ್ ಒನ್" ಎಂದು ಹೇಳಿಕೊಳ್ಳಲು ಇದರಲ್ಲಿ ಎಡೆಯಿಲ್ಲ. ಅಂಥ ಮಾತು ಎಲ್ಲಿಯಾದರೂ ಕಂಡರೆ ಒಂದು ಹೆಜ್ಜೆ ಹಿಂದೆ ಸರಿಯುವುದು ಒಳ್ಳೆಯದು.

ಆದ್ದರಿಂದ ಕೇಳಿ ತಿಳಿದುಕೊಳ್ಳುವ ಹೊಣೆ ಕಕ್ಷಿಗಾರರದ್ದು. ಕೇಳುವುದರಲ್ಲಿ ಅಗೌರವವೇನೂ ಇಲ್ಲ.

ವಕೀಲರಾಗುವುದು ಹೇಗೆ?

ದಾರಿ ಎರಡು. ಮೊದಲು ಯಾವುದಾದರೂ ಪದವಿ ಪಡೆದು ಆಮೇಲೆ ಮೂರು ವರ್ಷದ ಎಲ್‌ಎಲ್.ಬಿ. ಮಾಡುವುದು ಹಳೆಯ ದಾರಿ. ಪ್ಲಸ್ ಟು ಮುಗಿಸಿ ನೇರವಾಗಿ ಐದು ವರ್ಷದ ಬಿ.ಎ. ಎಲ್‌ಎಲ್.ಬಿ. ಅಥವಾ ಬಿ.ಬಿ.ಎ. ಎಲ್‌ಎಲ್.ಬಿ. ಸೇರುವುದು ಇನ್ನೊಂದು. ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲ್ 1988ರಲ್ಲಿ ತನ್ನ ಮೊದಲ ತಂಡಕ್ಕೆ ಪಾಠ ಆರಂಭಿಸಿದ ಮೇಲೆ ಈ ಐದು ವರ್ಷದ ದಾರಿಗೆ ದೇಶದಲ್ಲೆಲ್ಲ ಬೆಲೆ ಬಂತು. ಎರಡೂ ದಾರಿಯಿಂದ ಬಂದವರಿಗೆ ನ್ಯಾಯಾಲಯದಲ್ಲಿ ಇರುವ ಹಕ್ಕು ಒಂದೇ.

ನಮ್ಮ ಕಡೆಯ ಮಕ್ಕಳು ಕಾನೂನು ಓದಲು ಎರಡು ದಿಕ್ಕಿಗೆ ಹೋಗುತ್ತಾರೆ. ಉತ್ತರಕ್ಕೆ ಹೋದರೆ ಮಂಗಳೂರಿನ ಎಸ್‌ಡಿಎಂ, ಉಡುಪಿಯ ವೈಕುಂಠ ಬಾಳಿಗಾ, ಪುತ್ತೂರಿನ ವಿವೇಕಾನಂದ, ಸುಳ್ಯದ ಕೆವಿಜಿ ಕಾನೂನು ಕಾಲೇಜುಗಳು. ದಕ್ಷಿಣಕ್ಕೆ ಹೋದರೆ ತಲಶ್ಶೇರಿಯ ಪಾಲಯಾಡಿನಲ್ಲಿರುವ ಕಣ್ಣೂರು ವಿಶ್ವವಿದ್ಯಾನಿಲಯದ ಕಾನೂನು ವಿಭಾಗ, ಕೋಝಿಕ್ಕೋಡಿನ ಸರಕಾರಿ ಲಾ ಕಾಲೇಜು, ಕೊಚ್ಚಿಯ ನುವಾಲ್ಸ್. ಈ ಆಯ್ಕೆಗೆ ಅರ್ಥವಿದೆ. ಉತ್ತರಕ್ಕೆ ಹೋದವರಿಗೆ ಕನ್ನಡದ ಬಳಕೆ ಉಳಿಯುತ್ತದೆ, ಆದರೆ ಕೇರಳದ ಭೂ ಕಾನೂನನ್ನು ಊರಿಗೆ ಬಂದ ಮೇಲೆ ಕಲಿಯಬೇಕು. ದಕ್ಷಿಣಕ್ಕೆ ಹೋದವರಿಗೆ ಮಲಯಾಳ ಮತ್ತು ಕೇರಳದ ಕಾನೂನು ಸಲೀಸು, ಆದರೆ ಕನ್ನಡದ ಹಳೆಯ ಪತ್ರ ಓದುವ ಅಭ್ಯಾಸ ತಪ್ಪುತ್ತದೆ. ಒಂದೇ ಆಫೀಸಿನಲ್ಲಿ ಎರಡೂ ಬಗೆಯವರು ಇದ್ದರೆ ಕಕ್ಷಿಗಾರರಿಗೆ ಲಾಭ.

ಪದವಿ ಸಿಕ್ಕಿದ ಮಾತ್ರಕ್ಕೆ ವಕೀಲರಾಗುವುದಿಲ್ಲ. 21 ವರ್ಷ ತುಂಬಿರಬೇಕು, ರಾಜ್ಯದ ಬಾರ್ ಕೌನ್ಸಿಲಿನಲ್ಲಿ ನೋಂದಣಿ ಮಾಡಿಸಬೇಕು. ಈ ನೋಂದಣಿಗೆ ಕೆಲವು ರಾಜ್ಯಗಳಲ್ಲಿ ಸಾವಿರಾರು ರೂಪಾಯಿ ವಸೂಲಾಗುತ್ತಿತ್ತು. ಕಾನೂನಿನಲ್ಲಿ ಹೇಳಿದ್ದಕ್ಕಿಂತ ಹೆಚ್ಚು ಪಡೆಯಬಾರದು, ಸಾಮಾನ್ಯ ವರ್ಗಕ್ಕೆ 750 ರೂಪಾಯಿ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ 125 ರೂಪಾಯಿ ಎಂದು ಸುಪ್ರೀಂ ಕೋರ್ಟು 2024ರ ಜುಲೈ 30ರಂದು ತೀರ್ಪು ನೀಡಿತು. ಬಡ ಮನೆಗಳಿಂದ ಬರುವ ಮಕ್ಕಳಿಗೆ ಇದು ದೊಡ್ಡ ನೆರವು. ನೋಂದಣಿಯ ಜತೆಗೆ ಅಖಿಲ ಭಾರತ ಬಾರ್ ಪರೀಕ್ಷೆಯಲ್ಲಿಯೂ ಉತ್ತೀರ್ಣರಾಗಬೇಕು. ಈ ಪರೀಕ್ಷೆ ಮೊದಲ ಬಾರಿಗೆ ನಡೆದದ್ದು 2011ರಲ್ಲಿ.

ನೋಂದಣಿ ಸಂಖ್ಯೆ ಒಂದು ಚಿಕ್ಕ ಜಾತಕ ಇದ್ದಂತೆ. ಅದರಲ್ಲಿ ರಾಜ್ಯದ ಸಂಕೇತ, ಕ್ರಮಸಂಖ್ಯೆ ಮತ್ತು ವರ್ಷ ಇರುತ್ತವೆ. ಕೇರಳದ್ದಾದರೆ 'ಕೆ' ಎಂದೂ ಕರ್ನಾಟಕದ್ದಾದರೆ 'ಕೆಎಆರ್' ಎಂದೂ ಆರಂಭವಾಗುತ್ತದೆ, ಕೊನೆಯಲ್ಲಿ ನೋಂದಣಿಯಾದ ವರ್ಷ ಬರುತ್ತದೆ. ಸಂಖ್ಯೆ 2004ರಲ್ಲಿ ಮುಗಿದಿದ್ದರೆ ಅವರು ವೃತ್ತಿಗೆ ಬಂದು ಎರಡು ದಶಕ ದಾಟಿತು ಎಂದು ಲೆಕ್ಕ. ಕರ್ನಾಟಕದಲ್ಲಿ ನೋಂದಣಿಯಾದವರು ಕಾಸರಗೋಡಿನಲ್ಲಿ ವಾದಿಸಬಹುದೇ ಎಂದು ಹಲವರು ಕೇಳುತ್ತಾರೆ. ವಾದಿಸಬಹುದು. ಒಂದು ರಾಜ್ಯದ ಪಟ್ಟಿಯಲ್ಲಿ ಹೆಸರಿದ್ದರೆ ಭಾರತದ ಎಲ್ಲ ನ್ಯಾಯಾಲಯಗಳಲ್ಲಿ ವೃತ್ತಿ ನಡೆಸುವ ಹಕ್ಕನ್ನು ಅಡ್ವೊಕೇಟ್ಸ್ ಕಾಯ್ದೆಯ 30ನೇ ಸೆಕ್ಷನ್ ಕೊಡುತ್ತದೆ. ಈ ಸೆಕ್ಷನ್ ಜಾರಿಗೆ ಬಂದದ್ದು 2011ರ ಜೂನ್ 15ರಿಂದ.

ಹೆಸರಿನ ಹಿಂದೆ ಮುಂದೆ ಬರುವ ಪದವಿಗಳು

ಒಂದು ದೊಡ್ಡ ವಕೀಲರ ಆಫೀಸಿಗೆ ಹೋದರೆ ಹಲವು ಜನರನ್ನು ಕಾಣುತ್ತೇವೆ. ಯಾರು ಯಾರು ಎಂದು ತಿಳಿದಿದ್ದರೆ ಗೊಂದಲ ಇರುವುದಿಲ್ಲ.

*ಸೀನಿಯರ್:* ನಾವು ಆಡುಮಾತಿನಲ್ಲಿ ಆಫೀಸಿನ ಹಿರಿಯ ವಕೀಲರನ್ನು "ಸೀನಿಯರ್" ಎನ್ನುತ್ತೇವೆ. ಕಾನೂನಿನಲ್ಲಿ "ಸೀನಿಯರ್ ಅಡ್ವೊಕೇಟ್" ಎಂಬುದು ಬೇರೆಯೇ. ಅದು ಹೈಕೋರ್ಟು ಅಥವಾ ಸುಪ್ರೀಂ ಕೋರ್ಟು ನೀಡುವ ಸ್ಥಾನ. ಆ ಸ್ಥಾನ ಪಡೆದವರು ವಕಾಲತ್ತು ಹಾಕುವಂತಿಲ್ಲ, ಕಕ್ಷಿಗಾರರಿಂದ ನೇರವಾಗಿ ಕೇಸು ತೆಗೆದುಕೊಳ್ಳುವಂತಿಲ್ಲ. ಇನ್ನೊಬ್ಬ ವಕೀಲರ ಜತೆಯಲ್ಲಿಯೇ ಹಾಜರಾಗಬೇಕು. ಊರಿನ ಆಫೀಸಿನ ಸೀನಿಯರ್ ಸಾಮಾನ್ಯವಾಗಿ ಈ ಅರ್ಥದವರಲ್ಲ, ಅನುಭವದಲ್ಲಿ ಹಿರಿಯರು.

*ಜೂನಿಯರ್:* ಹೊಸದಾಗಿ ಸೇರಿದವರು. ಮುಂದಿನ ದಿನಾಂಕ ಕೇಳುವುದು, ನಕಲು ತೆಗೆಸುವುದು, ಅರ್ಜಿಯ ಕರಡು ಮಾಡುವುದು, ಸಾಕ್ಷಿಗಳ ಹೇಳಿಕೆ ಬರೆದುಕೊಳ್ಳುವುದು ಇವರ ಕೆಲಸ. ಮೊದಲ ಕೆಲವು ವರ್ಷ ಇವರಿಗೆ ಸಿಗುವ ಹಣ ಬಸ್ಸಿನ ಖರ್ಚಿಗೆ ಸಾಕಾದರೆ ಪುಣ್ಯ. ಎಷ್ಟೋ ಜಾಣ ಮಕ್ಕಳು ಈ ಹಂತದಲ್ಲೇ ವೃತ್ತಿ ಬಿಟ್ಟು ಬೇರೆ ಕೆಲಸಕ್ಕೆ ಹೋಗುತ್ತಾರೆ.

*ನೋಟರಿ:* ಇವರೂ ವಕೀಲರೇ. 1956ರ ನೋಟರಿ ನಿಯಮಗಳಂತೆ ಸಾಮಾನ್ಯವಾಗಿ ಕನಿಷ್ಠ ಹತ್ತು ವರ್ಷ ವೃತ್ತಿ ನಡೆಸಿರಬೇಕು. ಮಹಿಳೆಯರಿಗೂ ಪರಿಶಿಷ್ಟ ಜಾತಿ, ಪಂಗಡ ಮತ್ತು ಹಿಂದುಳಿದ ವರ್ಗದವರಿಗೂ ಏಳು ವರ್ಷ ಸಾಕು. ದಾಖಲೆಯ ಮೇಲೆ ನೋಟರಿ ಮೊಹರು ಬಿದ್ದರೆ ಸಹಿ ಯಾರದ್ದೆಂಬುದಕ್ಕೆ ದೃಢೀಕರಣ ಸಿಕ್ಕಿತು ಎಂದರ್ಥ. ಅದು ಸಬ್ ರಿಜಿಸ್ಟ್ರಾರ್ ಆಫೀಸಿನ ನೋಂದಣಿಗೆ ಬದಲಿ ಅಲ್ಲ.

*ಗವರ್ನಮೆಂಟ್ ಪ್ಲೀಡರ್ ಮತ್ತು ಪಬ್ಲಿಕ್ ಪ್ರಾಸಿಕ್ಯೂಟರ್:* ಸರಕಾರದ ಪರವಾಗಿ ಸಿವಿಲ್ ಮತ್ತು ಕ್ರಿಮಿನಲ್ ಕೇಸು ನಡೆಸುವವರು. ಪಬ್ಲಿಕ್ ಪ್ರಾಸಿಕ್ಯೂಟರ್ ಆಗಲು ಕನಿಷ್ಠ ಏಳು ವರ್ಷದ ವಕೀಲಿಕೆ ಬೇಕು.

*ಗುಮಾಸ್ತರು:* ಇವರು ವಕೀಲರಲ್ಲ, ಆದರೆ ಆಫೀಸಿನ ಬೆನ್ನೆಲುಬು. ಕಡತ ಎಲ್ಲಿದೆ, ನಕಲು ಅರ್ಜಿಗೆ ಎಷ್ಟು ಸ್ಟಾಂಪು, ಯಾವ ವಿಭಾಗದಲ್ಲಿ ವಿಚಾರಿಸಬೇಕು ಎಂಬುದು ಇವರಿಗೆ ಬಾಯಿಪಾಠ. ಹಳೆಯ ಕನ್ನಡ ಪತ್ರವನ್ನು ತಡವರಿಸದೆ ಓದುವವರು ಎಷ್ಟೋ ಸಲ ಇಂಥ ಹಿರಿಯ ಗುಮಾಸ್ತರೇ.

ಸಬ್ ರಿಜಿಸ್ಟ್ರಾರ್ ಆಫೀಸಿನ ಪಕ್ಕದಲ್ಲಿ ಕುಳಿತು ಆಧಾರ ಬರೆದುಕೊಡುವವರು ವಕೀಲರಲ್ಲ ಎಂಬುದೂ ನೆನಪಿರಲಿ. ಅವರು ಪತ್ರ ಬರೆಯಲು ಪರವಾನಗಿ ಪಡೆದವರು. ಮಾರುವವರಿಗೆ ಹಕ್ಕು ಇದೆಯೇ ಇಲ್ಲವೇ ಎಂದು ಪರಿಶೀಲಿಸಿ ಅಭಿಪ್ರಾಯ ಕೊಡುವುದು ವಕೀಲರ ಕೆಲಸ.

ಮಂಗಳೂರು, ತಲಶ್ಶೇರಿ, ವಿದ್ಯಾನಗರ: ಮೂರು ಕಾಲದ ವಕೀಲರು

ನಮ್ಮೂರಿನ ವಕೀಲರ ಹಿನ್ನೆಲೆ ಅರ್ಥವಾಗಬೇಕಾದರೆ ಊರಿನ ಚರಿತ್ರೆ ಸ್ವಲ್ಪ ಗೊತ್ತಿರಬೇಕು. 1956ರ ಅಕ್ಟೋಬರ್ 31ರವರೆಗೆ ಕಾಸರಗೋಡು ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲೂಕು. ಜಿಲ್ಲಾ ನ್ಯಾಯಾಲಯ ಮಂಗಳೂರಿನಲ್ಲಿ, ಹೈಕೋರ್ಟು ಮದರಾಸಿನಲ್ಲಿ. ವಕೀಲರಾಗಬೇಕೆನ್ನುವವರು ಮದರಾಸಿನ ಲಾ ಕಾಲೇಜಿಗೆ ಹೋಗುತ್ತಿದ್ದರು, ಕೆಲವರು ಮುಂಬಯಿಗೆ ಹೋದದ್ದೂ ಉಂಟು. ಮುಂಬಯಿಯಲ್ಲಿ ಕಾನೂನು ಓದಿ ಮಂಗಳೂರಿನಲ್ಲಿ ವಕೀಲಿ ನಡೆಸಿದ ಕಾರ್ನಾಡು ಸದಾಶಿವ ರಾಯರು (1881–1937) ಸ್ವಾತಂತ್ರ್ಯ ಚಳವಳಿಗಾಗಿ ತಮ್ಮ ಆಸ್ತಿಯನ್ನೆಲ್ಲ ಕಳೆದುಕೊಂಡದ್ದು ಜಿಲ್ಲೆಯ ಹಿರಿಯರಿಗೆಲ್ಲ ಗೊತ್ತು.

1956ರ ನವೆಂಬರ್ 1ರಂದು ಕೇರಳ ರಾಜ್ಯವಾಯಿತು, ಅದೇ ದಿನ ಎರ್ನಾಕುಳಂನಲ್ಲಿ ಕೇರಳ ಹೈಕೋರ್ಟು ಆರಂಭವಾಯಿತು. ಕಾಸರಗೋಡು ಮೊದಲು ಮಲಬಾರಿಗೆ, 1957ರಲ್ಲಿ ಹೊಸ ಕಣ್ಣೂರು ಜಿಲ್ಲೆಗೆ ಸೇರಿತು. ಜಿಲ್ಲಾ ನ್ಯಾಯಾಲಯ ತಲಶ್ಶೇರಿಯದ್ದಾಯಿತು. ಅಲ್ಲಿಯವರೆಗೆ ಮಂಗಳೂರಿಗೆ ಹೋಗುತ್ತಿದ್ದ ಕಡತಗಳು ದಿಕ್ಕು ಬದಲಿಸಿದವು. ಕನ್ನಡದಲ್ಲಿ ವಾದಪತ್ರ ಓದಿ ಬೆಳೆದ ವಕೀಲರು ಮಲಯಾಳ ಕಲಿಯಬೇಕಾಯಿತು. ಈ ಎರಡನೆಯ ಕಾಲದ ವಕೀಲರು ನ್ಯಾಯಾಲಯದ ಒಳಗೂ ಹೊರಗೂ ದುಡಿದರು. ಏಕೀಕರಣದ ಹೋರಾಟದಲ್ಲಿ ಮುಂದೆ ನಿಂತವರಲ್ಲಿ ವಕೀಲರಾಗಿದ್ದ ಕಳ್ಳಿಗೆ ಮಹಾಬಲ ಭಂಡಾರಿಯವರೂ ಯು.ಪಿ. ಕುಣಿಕುಳ್ಳಾಯರೂ ಇದ್ದರು. ಭಂಡಾರಿಯವರು 1960ರಲ್ಲಿ ಮತ್ತು 1967ರಲ್ಲಿ ಮಂಜೇಶ್ವರದಿಂದ, ಕುಣಿಕುಳ್ಳಾಯರು 1967ರಲ್ಲಿ ಕಾಸರಗೋಡಿನಿಂದ ಕೇರಳ ವಿಧಾನಸಭೆಗೆ ಆರಿಸಿ ಬಂದರು. ಅದೇ 1967ರಲ್ಲಿ ನ್ಯಾಯಮೂರ್ತಿ ಮೆಹರ್‌ಚಂದ್ ಮಹಾಜನ್ ಆಯೋಗ ಚಂದ್ರಗಿರಿ ನದಿಯ ಉತ್ತರದ ಭಾಗ ಮೈಸೂರು ರಾಜ್ಯಕ್ಕೆ ಸೇರಬೇಕೆಂದು ಶಿಫಾರಸು ಮಾಡಿತು. ಅದು ಜಾರಿಯಾಗಲಿಲ್ಲ.

1984ರ ಮೇ 24ರಂದು ಕಾಸರಗೋಡು ಜಿಲ್ಲೆಯಾಯಿತು. ಜಿಲ್ಲಾ ನ್ಯಾಯಾಲಯವೂ ಕಾಲಕ್ರಮದಲ್ಲಿ ಊರಿಗೇ ಬಂತು. ಇಂದಿನ ವಕೀಲರು ಈ ಮೂರನೆಯ ಕಾಲದವರು. ಇವರಲ್ಲಿ ಮಹಿಳೆಯರ ಸಂಖ್ಯೆ ಎದ್ದು ಕಾಣುತ್ತದೆ. ಮಹಿಳೆಯರು ವಕೀಲರಾಗಬಹುದು ಎಂದು ಕಾನೂನು ಸ್ಪಷ್ಟಪಡಿಸಿದ್ದೇ 1923ರಲ್ಲಿ. ದೇಶದಲ್ಲಿ ಹೈಕೋರ್ಟು ನ್ಯಾಯಾಧೀಶರಾದ ಮೊದಲ ಮಹಿಳೆ ಅನ್ನಾ ಚಾಂಡಿಯವರು ಆ ಸ್ಥಾನಕ್ಕೆ ಬಂದದ್ದು 1959ರಲ್ಲಿ, ನಮ್ಮ ಕೇರಳ ಹೈಕೋರ್ಟಿನಲ್ಲಿಯೇ.

ಊರಿನ ಕೋರ್ಟಿನಿಂದ ಎಲ್ಲಿಯವರೆಗೆ?

ಮುನ್ಸಿಫ್ ಕೋರ್ಟಿನಲ್ಲಿ ಶುರುವಾದ ವೃತ್ತಿ ಎಲ್ಲಿಯವರೆಗೆ ಹೋಗಬಹುದು ಎಂಬುದಕ್ಕೆ ನಮ್ಮ ಸೀಮೆಯಲ್ಲೇ ಉದಾಹರಣೆಗಳಿವೆ.

ಕೆ.ಎಸ್. ಹೆಗ್ಡೆಯವರು 1909ರಲ್ಲಿ ಕಾರ್ಕಳ ತಾಲೂಕಿನ ಕೌಡೂರಿನಲ್ಲಿ ಹುಟ್ಟಿದವರು. ಮದರಾಸಿನಲ್ಲಿ ಕಾನೂನು ಓದಿ ಕಾರ್ಕಳ, ಮಂಗಳೂರುಗಳಲ್ಲಿ ವಕೀಲಿ ನಡೆಸಿದರು. ಸರಕಾರಿ ವಕೀಲರಾದರು, 1952ರಲ್ಲಿ ರಾಜ್ಯಸಭೆಗೆ ಹೋದರು, 1957ರಲ್ಲಿ ಮೈಸೂರು ಹೈಕೋರ್ಟಿನ ನ್ಯಾಯಾಧೀಶರಾದರು. ದೆಹಲಿ ಹೈಕೋರ್ಟು 1966ರಲ್ಲಿ ಆರಂಭವಾದಾಗ ಅದರ ಮೊದಲ ಮುಖ್ಯ ನ್ಯಾಯಾಧೀಶರು ಅವರೇ. ಮರುವರ್ಷ ಸುಪ್ರೀಂ ಕೋರ್ಟಿಗೆ ಹೋದರು.

ಅಲ್ಲಿ ಅವರ ಮುಂದೆ ಬಂದ ಕೇಸು ನಮ್ಮೂರಿನದ್ದೇ. ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮೀಜಿಯವರು ಕೇರಳದ ಭೂಸುಧಾರಣೆ ಕಾನೂನನ್ನು ಪ್ರಶ್ನಿಸಿ 1970ರಲ್ಲಿ ಸುಪ್ರೀಂ ಕೋರ್ಟಿಗೆ ಅರ್ಜಿ ಹಾಕಿದ್ದರು. ನಾನಿ ಪಾಲ್ಖೀವಾಲಾ ಅವರ ಪರ ವಾದಿಸಿದರು. 13 ನ್ಯಾಯಾಧೀಶರ ಪೀಠ 68 ದಿನ ವಿಚಾರಣೆ ನಡೆಸಿತು. 1973ರ ಏಪ್ರಿಲ್ 24ರಂದು 7–6ರ ಬಹುಮತದಿಂದ ಬಂದ ತೀರ್ಪು ಸಂಸತ್ತಿಗೆ ಸಂವಿಧಾನವನ್ನು ತಿದ್ದುವ ಅಧಿಕಾರ ಇದ್ದರೂ ಅದರ ಮೂಲ ರಚನೆಯನ್ನು ಕೆಡಿಸುವ ಅಧಿಕಾರ ಇಲ್ಲ ಎಂದು ಹೇಳಿತು. ಬಹುಮತದ ಏಳು ಜನರಲ್ಲಿ ಹೆಗ್ಡೆಯವರೂ ಒಬ್ಬರು. ಕೂಡಲೇ ಅವರನ್ನೂ ಇನ್ನಿಬ್ಬರು ಹಿರಿಯರನ್ನೂ ದಾಟಿ ಕಿರಿಯರೊಬ್ಬರನ್ನು ಮುಖ್ಯ ನ್ಯಾಯಮೂರ್ತಿ ಮಾಡಲಾಯಿತು. ಹೆಗ್ಡೆಯವರು ರಾಜೀನಾಮೆ ಕೊಟ್ಟು ಹೊರಬಂದರು, 1977ರಲ್ಲಿ ಲೋಕಸಭೆಯ ಸದಸ್ಯರಾಗಿ ಸಭಾಧ್ಯಕ್ಷರೂ ಆದರು. ಎಡನೀರಿನ ಜಾಗೆಯ ಮಾತು ಇಡೀ ದೇಶದ ಕಾನೂನಾದದ್ದು ಹೀಗೆ.

ಇನ್ನೊಂದು ಉದಾಹರಣೆ ಎಂ.ಕೆ. ನಂಬಿಯಾರ್ ಮತ್ತು ಅವರ ಮಗ ಕೆ.ಕೆ. ವೇಣುಗೋಪಾಲ್. ನಂಬಿಯಾರ್ ಮಂಗಳೂರಿನಲ್ಲಿ ವಕೀಲಿ ನಡೆಸಿ ಮದರಾಸಿಗೆ ಹೋದವರು. 1950ರಲ್ಲಿ ಎ.ಕೆ. ಗೋಪಾಲನ್ ಅವರ ಬಂಧನದ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಮುಂದೆ ವಾದಿಸಿದರು. ಅಂದು ಸೋತ ಅವರ ವಾದದ ಬಹುಪಾಲು 1978ರಲ್ಲಿ ಮೇನಕಾ ಗಾಂಧಿ ಪ್ರಕರಣದಲ್ಲಿ ಬೇರೆ ರೂಪದಲ್ಲಿ ಗೆದ್ದಿತು. ವೇಣುಗೋಪಾಲ್ 1931ರಲ್ಲಿ ಕಾಞಂಗಾಡಿನಲ್ಲಿ ಹುಟ್ಟಿದರು, ಕಾನೂನು ಓದಿದ್ದು ಬೆಳಗಾವಿಯ ರಾಜಾ ಲಖಮಗೌಡ ಲಾ ಕಾಲೇಜಿನಲ್ಲಿ. 2017ರಿಂದ 2022ರವರೆಗೆ ಭಾರತದ ಅಟಾರ್ನಿ ಜನರಲ್ ಆಗಿದ್ದರು.

ಎಲ್ಲರೂ ಅಲ್ಲಿಯವರೆಗೆ ಹೋಗಬೇಕಾಗಿಲ್ಲ. ಊರಿನ ಬಾವಿಯ ನೀರಿನ ಪಾಲು, ದಾರಿಯ ಹಕ್ಕು, ಅಣ್ಣತಮ್ಮಂದಿರ ಗಡಿಯ ತಕರಾರು ನ್ಯಾಯವಾಗಿ ಮುಗಿಯುವಂತೆ ಮಾಡುವ ವಕೀಲರ ವೃತ್ತಿ ಸಣ್ಣದಲ್ಲ.

ಒಂದು ಅಕ್ಷರದ ಬೆಲೆ

ಈಗ ಭಾಷೆಯ ವಿಷಯಕ್ಕೆ ಬರೋಣ. ನಮ್ಮ ಹಳೆಯ ಪತ್ರಗಳಲ್ಲಿ ಬರುವ ಮಾತುಗಳಿಗೆ ನಿಘಂಟಿನ ಅರ್ಥ ಸಾಲದು. 'ಮೂಲಗೇಣಿ' ಎಂದರೆ ಶಾಶ್ವತವಾದ ಗೇಣಿ, 'ಚಾಲಗೇಣಿ' ಎಂದರೆ ವರ್ಷ ವರ್ಷಕ್ಕೆ ನಡೆಯುವ ಗೇಣಿ. 'ವರ್ಗ', 'ಕದೀಂ', 'ಕುಮ್ಕಿ' ಇವು ದಕ್ಷಿಣ ಕನ್ನಡದ ಕಂದಾಯ ವ್ಯವಸ್ಥೆಯ ಮಾತುಗಳು. ಕೃಷಿ ಭೂಮಿಯ ಎಲ್ಲೆಯಿಂದ ನೂರು ಗಜದೊಳಗಿನ ಸರಕಾರಿ ಜಾಗೆಯಲ್ಲಿ ಸೊಪ್ಪು, ಸೌದೆ, ಹುಲ್ಲು ತೆಗೆಯುವ ಸವಲತ್ತೇ ಕುಮ್ಕಿ. ಮಲಬಾರಿನ ಕಡೆಯ ಕಾನೂನು ಮಾತ್ರ ಓದಿದವರಿಗೆ ಇದು ಹೊಸತು.

ಅಳಿಯಸಂತಾನದ ಮನೆಗಳ ವಿಷಯದಲ್ಲಿ ಇನ್ನೂ ಸೂಕ್ಷ್ಮ. ಬಂಟರು, ಬಿಲ್ಲವರು, ಮೊಗವೀರರು ಮೊದಲಾದವರ ಹಳೆಯ ಪಾಲುಪಟ್ಟಿಗಳಲ್ಲಿ 'ಸಂತತಿ ಕವರು', 'ನಿಸ್ಸಂತತಿ ಕವರು' ಎಂಬ ಮಾತು ಬರುತ್ತದೆ. 1949ರ ಮದರಾಸು ಅಳಿಯಸಂತಾನ ಕಾಯ್ದೆಯಂತೆ, ಐವತ್ತು ವರ್ಷ ತುಂಬದ ಹೆಣ್ಣು ಒಬ್ಬಳಾದರೂ ಇರುವ ಕವರು ಸಂತತಿ ಕವರು. ಹಾಗಿಲ್ಲದ್ದು ನಿಸ್ಸಂತತಿ ಕವರು. ಇವೆರಡರ ನಡುವೆ ಪಾಲಾದರೆ ನಿಸ್ಸಂತತಿ ಕವರಿಗೆ ಸಿಕ್ಕಿದ್ದು ಜೀವಮಾನದ ಹಕ್ಕು ಮಾತ್ರ ಎಂದು ಆ ಕಾಯ್ದೆ ಹೇಳಿತ್ತು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯೂ ಕೇರಳದಲ್ಲಿ 1976ರ ಡಿಸೆಂಬರ್ 1ರಂದು ಜಾರಿಗೆ ಬಂದ ಕೂಡು ಕುಟುಂಬ ರದ್ದತಿ ಕಾಯ್ದೆಯೂ ಈ ಲೆಕ್ಕವನ್ನು ಬದಲಿಸಿವೆ. ಆದರೆ ಪತ್ರ ಯಾವ ವರ್ಷದ್ದು, ಅದರಲ್ಲಿ ಯಾವ ಮಾತು ಇದೆ ಎಂಬುದರ ಮೇಲೆ ಇಂದಿಗೂ ಹಕ್ಕಿನ ಪ್ರಶ್ನೆ ನಿಲ್ಲುತ್ತದೆ. ಮಲಯಾಳಕ್ಕೆ ಭಾಷಾಂತರಿಸುವಾಗ 'ನಿಸ್' ಎಂಬ ಒಂದು ಅಕ್ಷರ ಬಿಟ್ಟುಹೋದರೆ ಇಡೀ ತೋಟದ ವಾರಸುದಾರರು ಬೇರೆಯಾಗಿಬಿಡಬಹುದು.

ಕೇರಳದಲ್ಲಿ ಗೇಣಿ ಪದ್ಧತಿ 1970ರ ಜನವರಿ 1ರಿಂದ ಕೊನೆಗೊಂಡಿತು. ಅದಕ್ಕೂ ಹಿಂದಿನ ಹಕ್ಕು ತೋರಿಸಬೇಕಾದಾಗ ನಮ್ಮ ತಾಲೂಕಿನ ಬಹುಪಾಲು ಮನೆಗಳ ಆಧಾರ ಕನ್ನಡದ ಕಾಗದವೇ. ಆದ್ದರಿಂದ ಕನ್ನಡ ಬಲ್ಲ ವಕೀಲರು ಬೇಕೆಂಬುದು ಕೇವಲ ಅಭಿಮಾನದ ಮಾತಲ್ಲ, ಜಾಗೆಯ ಹಕ್ಕಿನ ಮಾತು.

ನ್ಯಾಯಾಲಯದಲ್ಲಿ ಕನ್ನಡಿಗರಿಗೆ ಇರುವ ಹಕ್ಕುಗಳು

ಸಾಕ್ಷಿ ಹೇಳಲು ಹೋಗುವ ಎಷ್ಟೋ ಹಿರಿಯರು "ನನಗೆ ಮಲಯಾಳ ಸರಿ ಬರುವುದಿಲ್ಲ" ಎಂದು ಹೆದರುತ್ತಾರೆ. ಹೆದರಬೇಕಾಗಿಲ್ಲ. ಕ್ರಿಮಿನಲ್ ಪ್ರಕರಣಗಳಲ್ಲಿ ಸಾಕ್ಷಿ ತನಗೆ ಬರುವ ಭಾಷೆಯಲ್ಲಿ ಹೇಳಬಹುದು. ಸಾಧ್ಯವಿದ್ದರೆ ಅದೇ ಭಾಷೆಯಲ್ಲಿ ಬರೆದುಕೊಳ್ಳಬೇಕು, ಇಲ್ಲದಿದ್ದರೆ ನ್ಯಾಯಾಲಯದ ಭಾಷೆಗೆ ಸರಿಯಾದ ಅನುವಾದ ಆಗಬೇಕು. ಬರೆದುಕೊಂಡದ್ದು ಅರ್ಥವಾಗದ ಭಾಷೆಯಲ್ಲಿದ್ದರೆ ಅದನ್ನು ಸಾಕ್ಷಿಗೆ ತಿಳಿಯುವ ಭಾಷೆಯಲ್ಲಿ ವಿವರಿಸಬೇಕು. ಆರೋಪಿಗೆ ತಿಳಿಯದ ಭಾಷೆಯಲ್ಲಿ ಸಾಕ್ಷ್ಯ ನಡೆದರೆ ತೆರೆದ ನ್ಯಾಯಾಲಯದಲ್ಲಿಯೇ ಅವನಿಗೆ ತಿಳಿಯುವ ಭಾಷೆಯಲ್ಲಿ ಹೇಳಬೇಕು. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲಿದ್ದ ಈ ನಿಯಮಗಳು 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿಯೂ ಮುಂದುವರಿದಿವೆ.

ಸರಕಾರಿ ಆಫೀಸುಗಳ ವಿಷಯದಲ್ಲಿ 1969ರ ಕೇರಳ ಅಧಿಕೃತ ಭಾಷೆಗಳ ಕಾಯ್ದೆ ನಮಗೆ ಬೇರೆ ಹಕ್ಕು ಕೊಟ್ಟಿದೆ. ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರು ತಮ್ಮ ಪ್ರದೇಶದ ಆಫೀಸುಗಳ ಜತೆ ತಮ್ಮ ಭಾಷೆಯಲ್ಲಿ ಪತ್ರ ವ್ಯವಹಾರ ಮಾಡಬಹುದು, ಉತ್ತರವೂ ಅದೇ ಭಾಷೆಯಲ್ಲಿ ಬರಬೇಕು. ಇದು ವಿಲ್ಲೇಜ್ ಆಫೀಸಿಗೆ, ತಾಲೂಕು ಆಫೀಸಿಗೆ ಕೊಡುವ ಅರ್ಜಿಗಳ ಮಾತು. ನ್ಯಾಯಾಲಯದ ವಾದಪತ್ರಗಳಿಗೆ ಇದು ಅನ್ವಯಿಸುವುದಿಲ್ಲ.

ವಕೀಲರ ಶುಲ್ಕ ಕೊಡುವ ಶಕ್ತಿ ಇಲ್ಲದವರಿಗೆ 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ ಇದೆ. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕಸ್ಟಡಿಯಲ್ಲಿರುವವರು ಇವರಿಗೆ ಆದಾಯ ಎಷ್ಟಿದ್ದರೂ ಉಚಿತ ವಕೀಲರು ಸಿಗುತ್ತಾರೆ. ಉಳಿದವರಿಗೆ ಆದಾಯದ ಮಿತಿಯಿದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನು ಕೇಳಬಹುದು, 15100 ಎಂಬ ಸಹಾಯವಾಣಿಗೆ ಕರೆ ಮಾಡಬಹುದು. ಅರ್ಜಿ ಕೊಡುವಾಗ "ಕನ್ನಡ ಬಲ್ಲ ವಕೀಲರು ಬೇಕು" ಎಂದು ಬರೆದು ಕೇಳಿ.

ವಕಾಲತ್ತಿಗೆ ಸಹಿ ಹಾಕುವ ಮೊದಲು

ವಕೀಲರ ಎದುರು ಕುಳಿತಾಗ ಈ ಪ್ರಶ್ನೆಗಳನ್ನು ಸಂಕೋಚವಿಲ್ಲದೆ ಕೇಳಬಹುದು.

1. ನಿಮ್ಮ ನೋಂದಣಿ ಯಾವ ವರ್ಷದ್ದು? ಇಂಥ ಕೇಸು ಮೊದಲು ನಡೆಸಿದ್ದೀರಾ?
2. ನ್ಯಾಯಾಲಯದಲ್ಲಿ ಹಾಜರಾಗುವವರು ನೀವೋ, ನಿಮ್ಮ ಜೂನಿಯರೋ?
3. ಈ ಕನ್ನಡ ಪತ್ರವನ್ನು ನಿಮ್ಮ ಆಫೀಸಿನಲ್ಲಿ ಓದುವವರು ಯಾರು? ಅನುವಾದವನ್ನು ಯಾರಿಂದ ಮಾಡಿಸುತ್ತೀರಿ?
4. ಕೋರ್ಟು ಶುಲ್ಕ ಎಷ್ಟು, ನಿಮ್ಮ ಶುಲ್ಕ ಎಷ್ಟು, ಯಾವ ಹಂತದಲ್ಲಿ ಎಷ್ಟು ಕೊಡಬೇಕು?
5. ಎದುರು ಕಕ್ಷಿಯವರಿಗೆ ನೀವು ಹಿಂದೆ ಕೆಲಸ ಮಾಡಿದ್ದುಂಟೇ?

ಗೆದ್ದರೆ ಬಂದದ್ದರಲ್ಲಿ ಇಷ್ಟು ಪಾಲು ಎಂಬ ಕರಾರಿಗೆ ನಮ್ಮ ದೇಶದ ವಕೀಲರಿಗೆ ಅನುಮತಿಯಿಲ್ಲ. ಹಾಗೆ ಯಾರಾದರೂ ಹೇಳಿದರೆ ಒಪ್ಪಬೇಡಿ. ಮೂಲ ಪತ್ರ ಕೊಡುವಾಗ ಪ್ರತಿಯೊಂದಕ್ಕೂ ರಶೀದಿ ಪಡೆದುಕೊಳ್ಳಿ, ಮನೆಯಲ್ಲಿ ನಕಲು ಇಟ್ಟುಕೊಳ್ಳಿ. ವಕೀಲರನ್ನು ಬದಲಾಯಿಸುವ ಹಕ್ಕು ನಿಮಗಿದೆ. ಶುಲ್ಕ ಬಾಕಿ ಎಂಬ ಕಾರಣಕ್ಕೆ ಕಕ್ಷಿಗಾರರ ಕಡತವನ್ನು ವಕೀಲರು ಹಿಡಿದಿಟ್ಟುಕೊಳ್ಳುವಂತಿಲ್ಲ ಎಂದು ಸುಪ್ರೀಂ ಕೋರ್ಟು 2000ದಲ್ಲಿ ಹೇಳಿದೆ. ಹಾಗೆಂದು ಕೊಡಬೇಕಾದ ಶುಲ್ಕ ಕೊಡದೆ ಇರುವುದೂ ಸರಿಯಲ್ಲ.

ಮುಂದೇನು?

ಹಳೆಯ ಪತ್ರ ಓದಬಲ್ಲ ಹಿರಿಯ ವಕೀಲರೂ ಗುಮಾಸ್ತರೂ ಒಬ್ಬೊಬ್ಬರಾಗಿ ವಿಶ್ರಾಂತಿಗೆ ಹೋಗುತ್ತಿದ್ದಾರೆ. ಅವರ ಜಾಗೆಗೆ ಬರುವವರು ಯಾರು ಎಂಬುದೇ ನಮ್ಮೆಲ್ಲರ ಮುಂದಿರುವ ಪ್ರಶ್ನೆ.

ಮನೆಯ ಹಿರಿಯರಲ್ಲಿ ಒಂದು ವಿನಂತಿ: ಪೆಟ್ಟಿಗೆಯಲ್ಲಿರುವ ಹಳೆಯ ಪತ್ರಗಳನ್ನು ಹೊರತೆಗೆದು, ಓದಬಲ್ಲವರು ಇರುವಾಗಲೇ ಓದಿಸಿ, ಇಂದಿನ ಕನ್ನಡ ಅಕ್ಷರದಲ್ಲಿ ಬರೆಸಿಡಿ. ವ್ಯಾಜ್ಯ ಬಂದ ಮೇಲೆ ಓದುವವರನ್ನು ಹುಡುಕುವುದು ಕಷ್ಟ. ಹಿರಿಯ ವಕೀಲರಲ್ಲಿ ವಿನಂತಿ: ನಿಮ್ಮ ಜೂನಿಯರುಗಳನ್ನು ವಾರಕ್ಕೊಮ್ಮೆಯಾದರೂ ಇಂಥ ಒಂದು ಪತ್ರದ ಮುಂದೆ ಕೂರಿಸಿ ಓದಿಸಿ.

ಕನ್ನಡ ಮಾಧ್ಯಮದಲ್ಲಿ ಓದುತ್ತಿರುವ ಮಕ್ಕಳಿಗೆ ಒಂದು ಮಾತು. ಕನ್ನಡ ಓದಿದರೆ ಕೇರಳದಲ್ಲಿ ಏನು ಕೆಲಸ ಸಿಗುತ್ತದೆ ಎಂದು ಕೇಳುವವರು ಬಹಳ. ಕನ್ನಡ, ಮಲಯಾಳ, ಇಂಗ್ಲಿಷ್ ಮೂರನ್ನೂ ಓದಿ ಬರೆಯಬಲ್ಲ, ತುಳುವಿನಲ್ಲಿ ಕಕ್ಷಿಗಾರರ ಜತೆ ಮಾತಾಡಬಲ್ಲ ವಕೀಲರಿಗೆ ನಮ್ಮ ಜಿಲ್ಲೆಯಲ್ಲಿ ಕೆಲಸಕ್ಕೆ ಕೊರತೆ ಇಲ್ಲ. ನ್ಯಾಯಾಧೀಶರಾಗುವ ಆಸೆ ಇದ್ದವರು ಒಂದು ವಿಷಯ ಗಮನಿಸಿ. ಮುನ್ಸಿಫ್ ಮಟ್ಟದ ಪರೀಕ್ಷೆಗೆ ಮೂರು ವರ್ಷದ ವಕೀಲಿಕೆ ಬೇಕೆಂದು ಸುಪ್ರೀಂ ಕೋರ್ಟು 2025ರ ಮೇ 20ರಂದು ಹೇಳಿದೆ. ಅಂದರೆ ಆ ದಾರಿಯೂ ಊರಿನ ಒಬ್ಬ ಒಳ್ಳೆಯ ಸೀನಿಯರ ಆಫೀಸಿನಿಂದಲೇ ಶುರುವಾಗುತ್ತದೆ.

ಇಲ್ಲಿ ಹೇಳಿರುವುದು ಸಾಮಾನ್ಯ ತಿಳುವಳಿಕೆಗಾಗಿ. ನಿಮ್ಮ ನಿಮ್ಮ ಪತ್ರ, ನಿಮ್ಮ ನಿಮ್ಮ ತಕರಾರು ಬೇರೆ ಬೇರೆ. ಅದಕ್ಕೆ ಪತ್ರ ಹಿಡಿದುಕೊಂಡು ವಕೀಲರ ಮೆಟ್ಟಿಲು ಹತ್ತಲೇಬೇಕು. ಹತ್ತುವಾಗ ಬೋರ್ಡು ನೋಡಿ, ಒಳಗೆ ಹೋದ ಮೇಲೆ ಕೇಳಿ ತಿಳಿದುಕೊಳ್ಳಿ.